ಕಾಣಿಕೆ, ಮುಡಿ, ಕೂಟ: ಪೊಳಲಿ ಸೀಮೆಯ ಕೆಲವು ಮಾತುಗಳ ಪೂರ್ವಚರಿತ್ರೆ

ಪೊಳಲಿಯ ರಾಜರಾಜೇಶ್ವರಿಯ ಮೂರ್ತಿಯು ಶಿಲೆಯದಲ್ಲ, ಲೋಹದ್ದೂ ಅಲ್ಲ, ಅದು ಮೃಣ್ಮಯವಾದುದು. ಫಲ್ಗುಣೀ ನದಿಯ ತೀರದಲ್ಲಿ, ಇಂದಿನ ಬಂಟ್ವಾಳ ತಾಲೂಕಿಗೆ ಸೇರಿದ ಕರಿಯಂಗಳ ಗ್ರಾಮದಲ್ಲಿ ನೆಲೆಸಿರುವ ಈ ದೇವಿಯನ್ನು ಮಣ್ಣಿನಿಂದ ರೂಪಿಸಿ ಆರಾಧಿಸಿದವನು ಸುರಥನೆಂಬ ಅರಸನೆಂದು ಸ್ಥಳಪುರಾಣವು ಹೇಳುತ್ತದೆ. ದೇವೀಮಾಹಾತ್ಮ್ಯವನ್ನು ಪಾರಾಯಣ ಮಾಡಿದವರಿಗೆ ಈ ಸುರಥನು ಅಪರಿಚಿತನಲ್ಲ. ಯುದ್ಧದಲ್ಲಿ ಪರಾಜಿತನಾಗಿ ತನ್ನ ಪಟ್ಟಣಕ್ಕೆ ಹಿಂದಿರುಗಿದ ಆ ದೊರೆಯ ಭಂಡಾರವನ್ನೂ ಸೈನ್ಯವನ್ನೂ ಅಪಹರಿಸಿದವರು ಹೊರಗಿನ ಹಗೆಗಳಲ್ಲ, ಅವನ ಅನ್ನವನ್ನುಂಡ ಅಮಾತ್ಯರೇ; ಬೇಟೆಯ ನೆವದಿಂದ ಕುದುರೆಯನ್ನೇರಿ ಒಬ್ಬನೇ ಅಡವಿಯನ್ನು ಸೇರಿದ ಅವನಿಗೆ ಅಲ್ಲಿ ಜೊತೆಯಾದವನು, ಹೆಂಡಿರುಮಕ್ಕಳಿಂದಲೇ ಧನವನ್ನು ಕಳೆದುಕೊಂಡು ಮನೆಯಿಂದ ಹೊರದೂಡಲ್ಪಟ್ಟ ಸಮಾಧಿಯೆಂಬ ವೈಶ್ಯನು. ಋಷ್ಯಾಶ್ರಮದ ಶಾಂತಿಯ ನಡುವೆಯೂ, ತಾನು ಕಷ್ಟಪಟ್ಟು ಕೂಡಿಸಿದ ಬೊಕ್ಕಸವು ಈಗ ಯಾರ ಕೈಯಲ್ಲಿ ಹೇಗೆ ಪೋಲಾಗುತ್ತಿರುವುದೋ ಎಂಬ ಕೊರಗು ಅರಸನನ್ನು ಬಿಡಲಿಲ್ಲವೆಂದು ಪುರಾಣಕಾರನು ಮರೆಯದೆ ಹೇಳಿದ್ದಾನೆ.

ಸಾವಿರ ಸೀಮೆಯ ಒಡತಿಯೆಂದು ಜನರು ಕೈಮುಗಿಯುವ ದೇವಿಯ ಸನ್ನಿಧಿಯು ಹೀಗೆ, ನಂಬಿದವರಿಂದಲೇ ಆದ ಧನಾಪಹಾರದ ಕಥೆಯೊಂದರಿಂದ ಆರಂಭವಾಗುವುದನ್ನು ನಾನು ಆಕಸ್ಮಿಕವೆಂದು ಎಣಿಸಲಾರೆ. ಅಪಹರಿಸುವ ಮುನ್ನಾದಿನವೂ ಆ ಮಂತ್ರಿಗಳು ಮಂತ್ರಿಗಳೆಂದೇ ಕರೆಯಲ್ಪಡುತ್ತಿದ್ದರು, ಮರುದಿನವೂ ಹಾಗೆಯೇ ಕರೆಯಲ್ಪಟ್ಟರು. ಹೆಸರು ಬದಲಾಗಲಿಲ್ಲ, ಹೆಸರಿನೊಳಗಿನ ವರ್ತನೆ ಮಾತ್ರ ಬದಲಾಯಿತು. ನೇತ್ರಾವತೀ ಫಲ್ಗುಣಿಗಳ ನಡುವಣ ಈ ಸೀಮೆಯ ದಿನಬಳಕೆಯ ಹಲವು ಮಾತುಗಳಿಗೆ ಒದಗಿದ ಗತಿಯೂ ಇಂಥದೇ ಆಗಿದೆ. ದೇವಳದ ಅಂಗಳದಲ್ಲಿ ಶುಚಿಯಾಗಿರುವ ಮಾತು ಕಚೇರಿಯ ಮೆಟ್ಟಿಲನ್ನು ಹತ್ತಿದೊಡನೆ ಮಲಿನವಾಗುತ್ತದೆ. ಒಕ್ಕಲಿನ ಮನೆಯಲ್ಲಿ ಪ್ರೀತಿಯನ್ನು ಸೂಚಿಸುವ ಮಾತು ಧಣಿಯ ಚಾವಡಿಯಲ್ಲಿ ಭಯವನ್ನು ಸೂಚಿಸುತ್ತದೆ. ಈ ಪಲ್ಲಟವು ಎಂದು, ಯಾವ ಕಾರಣದಿಂದ ಆಯಿತೆಂಬುದನ್ನು ಹುಡುಕಹೊರಟರೆ ನಿಘಂಟಿಗಿಂತ ಹೆಚ್ಚಾಗಿ ಊರಿನ ಚರಿತ್ರೆಯನ್ನೇ ಬಿಚ್ಚಬೇಕಾಗುತ್ತದೆ.

ಮೀನ ಸಂಕ್ರಮಣದಂದು ಧ್ವಜವೇರಿದರೆ ಪೊಳಲಿಯ ಜಾತ್ರೆಯು ಹೆಚ್ಚುಕಡಿಮೆ ಒಂದು ತಿಂಗಳ ಕಾಲ ನಡೆಯುತ್ತದೆ. ಕೊನೆಯ ದಿನಗಳಲ್ಲಿ ಗದ್ದೆಯಲ್ಲಿ ನಡೆಯುವ ಚೆಂಡು ಎಷ್ಟು ಪ್ರಸಿದ್ಧವೆಂದರೆ, ತುಳುನಾಡಿನಲ್ಲಿ ಪೊಳಲಿಯೆಂದೊಡನೆ ಚೆಂಡು ನೆನಪಾಗುತ್ತದೆ, ಚೆಂಡೆಂದೊಡನೆ ಪೊಳಲಿ ನೆನಪಾಗುತ್ತದೆ. ಜಾತ್ರೆಗೆ ಬಂದವರು ರಾಶಿರಾಶಿಯಾಗಿ ಮಾರಾಟಕ್ಕಿಟ್ಟ ಬಚ್ಚಂಗಾಯಿಯನ್ನು ಹೊತ್ತುಕೊಂಡೇ ಮನೆಗೆ ಮರಳುವುದು ವಾಡಿಕೆ. ಆ ಜನಸಂದಣಿಯಲ್ಲಿ ಅತ್ಯಂತ ಹೆಚ್ಚಾಗಿ ಕಿವಿಗೆ ಬೀಳುವ ಮಾತುಗಳಲ್ಲಿ ಒಂದು ‘ಕಾಣಿಕೆ’.

ಕಾಣ್ ಎಂಬ ಧಾತುವಿನಿಂದ ಹುಟ್ಟಿದ ಈ ಮಾತು, ಕಾಣಹೋದಾಗ ಕೊಂಡೊಯ್ಯುವ ವಸ್ತುವನ್ನು ಹೇಳುತ್ತದೆ. ದೇವರನ್ನಾಗಲಿ ಗುರುವನ್ನಾಗಲಿ ಅರಸನನ್ನಾಗಲಿ ಬರಿಗೈಯಲ್ಲಿ ಕಾಣಬಾರದೆಂಬುದು ನಮ್ಮ ಹಿರಿಯರ ಶಿಷ್ಟಾಚಾರ. ದೇವಳದಲ್ಲಿ ಈ ಕಾಣಿಕೆಗೆ ಅನೇಕ ರೂಪಗಳುಂಟು. ಕಷ್ಟಕಾಲದಲ್ಲಿ ನಾಣ್ಯವೊಂದನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಹೆಸರಿನಲ್ಲಿ ತೆಗೆದಿಟ್ಟರೆ ಅದು ಮುಡಿಪು. ನಡೆಯಬೇಕಾದ ನೇಮದಲ್ಲಿ ಲೋಪವಾದಾಗ ಆ ಲೋಪವನ್ನು ಬಾಯಿಬಿಟ್ಟು ಹೇಳಿ ಸಲ್ಲಿಸುವುದು ತಪ್ಪುಕಾಣಿಕೆ. ಈ ಎರಡನೆಯದು ನನಗೆ ಬಹಳ ಅರ್ಥಗರ್ಭಿತವಾಗಿ ತೋರುತ್ತದೆ: ತನ್ನ ದೋಷವನ್ನು ತಾನೇ ಒಪ್ಪಿಕೊಳ್ಳದೆ ಯಾರೂ ತಪ್ಪುಕಾಣಿಕೆಯನ್ನು ಹಾಕಲಾರರು. ಕಚೇರಿಯ ಕಾಣಿಕೆಯಾದರೋ ದೋಷವನ್ನು ಮುಚ್ಚುವುದಕ್ಕಾಗಿಯೇ ಸಲ್ಲುವಂಥದು. ಎರಡರಲ್ಲಿಯೂ ಹಣವೇ ಕೈಬದಲಾಗುವುದು, ಎರಡಕ್ಕೂ ಒಂದೇ ಹೆಸರು. ಆದರೆ ಒಂದು ಹತ್ತು ಜನರೆದುರಿನಲ್ಲಿ ತಟ್ಟೆಗೆ ಬೀಳುತ್ತದೆ, ಇನ್ನೊಂದು ಯಾರೂ ಇಲ್ಲದ ಹೊತ್ತಿನಲ್ಲಿ ಮೇಜಿನ ಕೆಳಗೆ ಸರಿಯುತ್ತದೆ.

ದೇವಳಕ್ಕೂ ಕಚೇರಿಗೂ ನಡುವೆ ಧಣಿಯ ಮನೆಯಿತ್ತು. ಬೆಳೆದ ತರಕಾರಿಯಲ್ಲಿ, ಬಾಳೆಯ ಗೊನೆಯಲ್ಲಿ, ಸೌತೆಯ ಬಳ್ಳಿಯಲ್ಲಿ ಮೊದಲ ಫಲವನ್ನು ಆರಿಸಿ ಹಬ್ಬದ ದಿನ ಒಕ್ಕಲಿನವರು ಧಣಿಯ ಮನೆಗೆ ಒಯ್ಯುತ್ತಿದ್ದುದಕ್ಕೆ ಬುಳೆಕಾಣಿಕೆಯೆಂದು ಹೆಸರು; ಬುಳೆಯೆಂದರೆ ತುಳುವಿನಲ್ಲಿ ಬೆಳೆ. ಮೂಲಗೇಣಿಯ ಒಕ್ಕಲಿಗೆ ಗೇಣಿಯು ಶಾಶ್ವತವಾಗಿ ಗೊತ್ತುಪಡಿಸಲ್ಪಟ್ಟಿದ್ದರಿಂದ, ಆತನು ಒಯ್ದ ಸೌತೆಕಾಯಿಯನ್ನು ಪ್ರೀತಿಯ ಕೊಡುಗೆಯೆಂದೇ ತಿಳಿಯಬಹುದು. ಚಾಲಗೇಣಿಯ ಒಕ್ಕಲಿನ ಸ್ಥಿತಿ ಹಾಗಲ್ಲ. ಧಣಿಯ ಮನಸ್ಸು ಮುರಿದರೆ ಮುಂದಿನ ವರ್ಷ ಗದ್ದೆಯು ಬೇರೊಬ್ಬನ ಪಾಲಾಗುತ್ತಿತ್ತು. ಅದೇ ಸೌತೆಕಾಯಿ, ಅದೇ ಹಬ್ಬ, ಅದೇ ನಮಸ್ಕಾರ. ಆದರೆ ಕೊಡದೆ ಇರುವ ಸ್ವಾತಂತ್ರ್ಯವಿಲ್ಲದವನು ಕೊಟ್ಟುದನ್ನು ಕೊಡುಗೆಯೆಂದು ಕರೆಯುವುದು ಹೇಗೆ? 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯೇ ರದ್ದಾಗಿ ಉಳುವವನಿಗೆ ಭೂಮಿಯ ಹಕ್ಕು ಬಂದಮೇಲೆಯೂ ಹಳೆಯ ಧಣಿಗಳ ಮನೆಗೆ ಹಬ್ಬದ ಫಲವನ್ನು ಒಯ್ಯುವವರು ಕೆಲವರು ಉಳಿದರು. ಹಾಗೆ ಉಳಿದವರ ಕಾಣಿಕೆಯಾದರೂ ನಿಜವಾದ ಕಾಣಿಕೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಸಂದಿಗ್ಧತೆಯು ಇಂದುನಿನ್ನೆಯದಲ್ಲ. ವಿಜಯನಗರದ ಕಾಲದಲ್ಲಿ ಬಾರಕೂರು ಮಂಗಳೂರು ರಾಜ್ಯಗಳೆಂದು ವಿಂಗಡವಾಗಿ ತುಳುನಾಡು ಆಳಲ್ಪಡುತ್ತಿತ್ತು. ಆ ಸಾಮ್ರಾಜ್ಯದ ಶಾಸನಗಳಲ್ಲಿ ಜನರು ತೆರಬೇಕಾದವನ್ನೂ ಮಾನ್ಯವಾಗಿ ಬಿಟ್ಟುಕೊಟ್ಟವನ್ನೂ ಎಣಿಸುವಾಗ ಕಾಣಿಕೆ, ಕಡ್ಡಾಯ, ಬೇಡಿಗೆ, ಬಿಟ್ಟಿ ಎಂಬ ಮಾತುಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಇಂದು ನಾವು ‘ತಪ್ಪಿಸಿಕೊಳ್ಳಲಾಗದುದು’ ಎಂಬರ್ಥದಲ್ಲಿ ಬಳಸುವ ಕಡ್ಡಾಯವು ಅಂದು ಒಂದು ತೆರಿಗೆಯ ಹೆಸರು. ಬೇಡಿ ಪಡೆಯುವಂತೆ ಕೇಳಿಬರುವ ಬೇಡಿಗೆಯೂ ತೆರಿಗೆಯೇ. ಸಂಬಳವಿಲ್ಲದೆ ಮಾಡಿಸಿಕೊಳ್ಳುವ ದುಡಿಮೆಯು ಬಿಟ್ಟಿ. ಇವುಗಳ ಸಾಲಿನಲ್ಲಿ ಕಾಣಿಕೆಯು ನಿಂತಿರುವುದನ್ನು ಕಂಡಾಗ, ಆ ಮಾತಿನ ನಿಷ್ಕಳಂಕತೆಯು ಆರು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಪ್ರಶ್ನಿಸಲ್ಪಟ್ಟಿತ್ತೆಂದು ಒಪ್ಪಬೇಕಾಗುತ್ತದೆ.

ಆದರೂ ಹಳೆಯ ಕಾಲದ ಅಧಿಕಾರಿಯನ್ನು ಇಂದಿನ ಅಳತೆಯಿಂದ ಅಳೆಯುವುದು ನ್ಯಾಯವಲ್ಲ. ಸರಕಾರದ ಬೊಕ್ಕಸದಿಂದ ತಿಂಗಳು ತಿಂಗಳು ವೇತನವನ್ನು ಪಡೆಯುವ ಏರ್ಪಾಡು ಊರಿನ ಶ್ಯಾನುಭೋಗನಿಗಾಗಲಿ ಪಟೇಲನಿಗಾಗಲಿ ಇರಲಿಲ್ಲ. ಉಂಬಳಿಯ ಭೂಮಿಯೂ, ರೈತರು ಪದ್ಧತಿಯಂತೆ ಕೊಡುತ್ತಿದ್ದ ಧಾನ್ಯ ದುಡ್ಡುಗಳೂ ಅವನ ಜೀವಿತವಾಗಿದ್ದುವು. ಇಂಥ ಪದ್ಧತಿಯ ಪಾವತಿಯೇ ಮಾಮೂಲು. ಅರಬಿಯಿಂದ ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದ ಈ ಮಾತಿಗೆ ‘ನಡೆದುಬಂದುದು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಮದರಾಸು ಪ್ರಾಂತ್ಯದ ಸರಕಾರೀ ಪತ್ರಗಳಲ್ಲಿ ರೈತರ ಮಾಮೂಲು ಹಕ್ಕೆಂಬುದು ಗೌರವದಿಂದ ಪರಿಗಣಿಸಲ್ಪಡುತ್ತಿದ್ದ ಹಕ್ಕು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾವು ಕಂಪೆನಿಯ ವಶವಾಗಿ, ಥಾಮಸ್ ಮುನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದಮೇಲೆ ಸಂಬಳದ ನೌಕರಿಯು ಕ್ರಮೇಣ ಬೇರೂರಿತು. ಸಂಬಳವು ಗೊತ್ತಾದಂದು ಮಾಮೂಲು ನಿಂತುಹೋಗಬೇಕಾಗಿತ್ತು. ಅದು ನಿಲ್ಲಲಿಲ್ಲ, ಹಕ್ಕಾಗಿದ್ದುದು ಲಂಚವಾಯಿತು. ಈ ಗಡಿಯನ್ನು ದಾಟಿದುದು ಯಾರಿಗೂ ಕಾಣದಂತೆ ಮರೆಮಾಡಿದುದು, ಬದಲಾಗದೆ ಉಳಿದ ಆ ಹೆಸರೇ ಎಂದು ನನ್ನ ಭಾವನೆ. ದೇಶೀಯ ನೌಕರರಿಗೆ ಗೌರವಕ್ಕೆ ತಕ್ಕ ವೇತನವನ್ನು ಕೊಡದೆ ಅವರಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸಲಾಗದೆಂದು ಮುನ್ರೋ ನಂಬಿದ್ದನು. ಮದರಾಸಿನ ಗವರ್ನರನಾಗಿದ್ದಾಗ 1824ರ ಡಿಸೆಂಬರ್ 31ರಂದು ಬರೆದ ದೀರ್ಘವಾದ ಟಿಪ್ಪಣಿಯಲ್ಲಿ, ದೇಶೀಯರನ್ನು ನಂಬಿಕೆಯ ಹುದ್ದೆಗಳಿಂದ ದೂರವಿಟ್ಟರೆ ಅವರ ಶೀಲವೇ ಕುಗ್ಗುವುದೆಂದು ವಾದಿಸಿದನು. ಆ ಮಾತನ್ನು ಸರಕಾರವು ಸಾಕಷ್ಟು ಕೇಳಲಿಲ್ಲವೆಂಬುದಕ್ಕೆ, ಕಂದಾಯ ವಸೂಲಿಯಲ್ಲಿ ನಡೆದ ಹಿಂಸೆಯನ್ನೂ ಸುಲಿಗೆಯನ್ನೂ ವಿಚಾರಿಸಲು ನೇಮಕವಾದ ಮದರಾಸಿನ ಆಯೋಗದ 1855ರ ವರದಿಯೇ ಸಾಕ್ಷಿಯಾಗಿದೆ.

ಮುನ್ರೋ ಕೆನರಾದ ಹಳೆಯ ಕಂದಾಯದ ಚರಿತ್ರೆಯನ್ನು ಕಂಡುಕೊಂಡುದು ಶ್ಯಾನುಭೋಗರ ಮನೆಗಳಲ್ಲಿದ್ದ ಕಪ್ಪು ಕಡತಗಳಿಂದ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಕಪ್ಪನ್ನೂ ಬಳಿದು ಒಣಗಿಸಿ ಮಡಿಕೆಮಡಿಕೆಯಾಗಿ ಮಾಡಿದ ಆ ಪುಸ್ತಕದಲ್ಲಿ ಬಿಳಿಯ ಬಳಪದಿಂದ ಲೆಕ್ಕವನ್ನು ಬರೆಯುತ್ತಿದ್ದರು. ವಿದ್ಯಾರಣ್ಯರ ಕಾಲದ ಹರಿಹರರಾಯನು ಉತ್ಪತ್ತಿಯನ್ನು ಮೂವತ್ತು ಪಾಲು ಮಾಡಿ, ಉಳುವವನಿಗೆ ಹದಿನೈದು, ಭೂಮಿಯ ಒಡೆಯನಿಗೆ ಏಳೂವರೆ, ಉಳಿದುದರಲ್ಲಿ ಅರಸನಿಗೆ ಐದು, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ ಒಂದು ಎಂದು ಗೊತ್ತುಪಡಿಸಿದನೆಂಬ ವೃತ್ತಾಂತವನ್ನು ಮುನ್ರೋ ಈ ಪರಂಪರೆಯಿಂದಲೇ ಎತ್ತಿಕೊಂಡನು. ಕಡತದ ಗುಣವೂ ದೋಷವೂ ಒಂದೇ: ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಪ್ರಾಮಾಣಿಕನ ಕೈಯಲ್ಲಿ ಅದು ಮಿತವ್ಯಯ, ವಂಚಕನ ಕೈಯಲ್ಲಿ ಒದ್ದೆಬಟ್ಟೆಯ ಒಂದು ಎಳೆತದಿಂದ ಒಂದು ಸಂಸಾರದ ಸರ್ವನಾಶ. ಅಕ್ಷರವನ್ನರಿಯದ ರೈತನು ತನ್ನ ಹೆಸರಿನ ಮುಂದೆ ಏನಿದೆಯೆಂದು ಹೇಗೆ ಬಲ್ಲನು? ಇಂದು ಸರಕಾರೀ ಕಚೇರಿಯ ಕಾಗದದ ಕಟ್ಟಿಗೂ ಕಡತವೆಂದೇ ಹೆಸರಾಗಿರುವುದು.

ಬರವಣಿಗೆಗಿಂತಲೂ ಹೆಚ್ಚಾಗಿ ಬಡವನನ್ನು ನೋಯಿಸಿದುದು ಅಳತೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದವನಿಗೆ ಮುಡಿಯೆಂದರೆ ಬೈಹುಲ್ಲಿನಿಂದ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಗುಂಡನೆಯ ಮೂಟೆ. ಸ್ತ್ರೀಯರ ಕೇಶಕ್ಕೂ, ಹೂವನ್ನು ತಲೆಗೆ ಸೂಡುವುದಕ್ಕೂ, ಬಿಗಿದು ಕಟ್ಟಿದ ಗಂಟಿಗೂ ಸಲ್ಲುವ ಈ ಸುಂದರವಾದ ಮಾತು ನಮ್ಮ ಸೀಮೆಯಲ್ಲಿ ಧಾನ್ಯದ ಅಳತೆಯೂ ಆಯಿತು, ಅಷ್ಟು ಬೀಜ ಬಿತ್ತುವ ಗದ್ದೆಯ ವಿಸ್ತೀರ್ಣವೂ ಆಯಿತು, ಗೇಣಿಚೀಟಿನಲ್ಲಿ ಬರೆಯುವ ಸಾಲವೂ ಆಯಿತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಲೆಕ್ಕವು ಬಾಯಿಪಾಠದಲ್ಲಿ ಅಷ್ಟೇ ಸರಳ. ಆದರೆ ಸೇರೆಂಬುದು ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ, ಮುಡಿಗೆ ಇಷ್ಟೇ ಸೇರೆಂಬುದೂ ಊರಿಂದೂರಿಗೆ ಒಂದೇ ಆಗಿರಲಿಲ್ಲ. 1801ರ ಆರಂಭದಲ್ಲಿ ಬಂಟ್ವಾಳ, ವೇಣೂರು, ಮೂಡಬಿದಿರೆಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತಾನು ತಂಗಿದೆಡೆಯಲ್ಲೆಲ್ಲ ಅಳತೆಗಳನ್ನು ವಿಚಾರಿಸಿ ಬರೆದುಕೊಳ್ಳಬೇಕಾದುದು ಇದಕ್ಕಾಗಿಯೇ.

ಈ ವ್ಯತ್ಯಾಸವು ಸ್ವತಃ ಪಾಪವಲ್ಲ. ಆಯಾ ಸೀಮೆಗೆ ಆಯಾ ಮಾನವಿರುವುದು ದೇಶಾಚಾರ. ಒಂದೇ ಮನೆಯಲ್ಲಿ ಎರಡು ಕಳಸೆಗಳಿದ್ದರೆ ಮಾತ್ರ ಅದನ್ನು ದೇಶಾಚಾರವೆನ್ನಲಾಗದು. ಗೇಣಿಯನ್ನು ಅಳೆದುಕೊಳ್ಳುವಾಗ ದೊಡ್ಡದು, ಆಷಾಢದ ಹಸಿವಿಗೆ ಒಕ್ಕಲಿಗೆ ಸಾಲವಾಗಿ ಅಕ್ಕಿಯನ್ನು ಅಳೆದುಕೊಡುವಾಗ ಚಿಕ್ಕದು. ತುಂಬುವಾಗ ರಾಶಿಯಾಗಿ ಏರಿಸಿದ ಕಳಸೆ, ಕೊಡುವಾಗ ಅಂಗೈಯಿಂದ ಸವರಿದ ಕಳಸೆ. ಚೀಟಿನಲ್ಲಿರುವುದು ಎರಡು ಸಲವೂ ‘ಒಂದು ಕಳಸೆ’ ಎಂಬ ಮಾತೇ ಆದುದರಿಂದ ಯಾವ ನ್ಯಾಯಾಧೀಶನೂ ದೋಷವನ್ನು ಹಿಡಿಯಲಾರನು. ಒಳ್ಳೆಯ ಧಣಿಗಳು ಈ ನಾಡಿನಲ್ಲಿ ಇದ್ದರು, ಅವರ ಅಳತೆಯ ನೇರವನ್ನು ಒಕ್ಕಲುಗಳು ಕೊಂಡಾಡಿದ್ದೂ ಉಂಟು. ಕೊಂಡಾಡಬೇಕಾಗಿ ಬಂದುದೇ ಅದು ಸಹಜವಾಗಿರಲಿಲ್ಲವೆಂಬುದನ್ನು ತಿಳಿಸುತ್ತದೆ. ಬಂಟ್ವಾಳದಿಂದ ನೇತ್ರಾವತಿಯಲ್ಲಿಯೂ ಗುರುಪುರದಿಂದ ಫಲ್ಗುಣಿಯಲ್ಲಿಯೂ ದೋಣಿಗಳಲ್ಲಿ ಇಳಿದು ಮಂಗಳೂರಿನ ಹಡಗುಗಳನ್ನು ಸೇರುತ್ತಿದ್ದ ಅಕ್ಕಿಯ ಎಷ್ಟು ಮುಡಿಗಳಲ್ಲಿ ಆ ಏರಿಸಿದ ಅಕ್ಕಿಯ ಪಾಲು ಅಡಗಿದ್ದಿತೋ! 1956ರಲ್ಲಿ ತೂಕ ಅಳತೆಗಳ ಮಾನಕ ಶಾಸನವಾಗಿ ಮೆಟ್ರಿಕ್ ಪದ್ಧತಿಯು ಬಂದುದನ್ನು ನಗರದ ಜನರು ಲೆಕ್ಕದ ಸೌಕರ್ಯವೆಂದು ಎಣಿಸಿದರು. ಹಳ್ಳಿಯ ಗೇಣಿದಾರನಿಗೆ ಅದು ನ್ಯಾಯದ ಒಂದು ಅಂಶವೇ ಆಗಿದ್ದಿತು.

ಹೀಗೆಯೇ ಹೆಸರು ಉಳಿದು ಒಳಗು ಕೆಟ್ಟ ಇನ್ನೊಂದು ಮಾತಾದ ಅಂಕದ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಾಟಕದ ವಿಭಾಗ, ಪರೀಕ್ಷೆಯ ಗುಣ, ಗಣಿತದ ಸಂಖ್ಯೆ, ಮೈಮೇಲಣ ಗುರುತು ಇವೆಲ್ಲವನ್ನೂ ಸೂಚಿಸುವ ಈ ಪದಕ್ಕೆ ಹಳಗನ್ನಡದಲ್ಲಿ ದ್ವಂದ್ವಯುದ್ಧವೆಂಬ ಅರ್ಥವೂ ಉಂಟು. ಹಾಗೆ ಕಾದುವ ವೀರನನ್ನು ಅಂಕಕಾರನೆಂದು ಕರೆಯುತ್ತಿದ್ದರು. ಕರಾವಳಿಯಲ್ಲಿ ಆ ಅರ್ಥವು ಕೋಳಿ ಅಂಕದಲ್ಲಿ ಉಳಿದುಕೊಂಡಿದೆ. ದೈವದ ನೆಲಕ್ಕೆ ರಕ್ತವು ಬೀಳಬೇಕೆಂಬ ನಂಬಿಕೆಯಿಂದ, ಜಾತ್ರೆ ನೇಮಗಳ ಬೆನ್ನಿಗೆ ಆಚಾರವಾಗಿ ನಡೆಯುತ್ತಿದ್ದ ಅಂಕವು, ಹುಂಜದ ಕಾಲಿಗೆ ಕಟ್ಟಿದ ಬಾಳಿಗಿಂತ ಹರಿತವಾದ ಪಣದ ಆಸೆಗೆ ಸಿಕ್ಕಿ ಜೂಜಾಯಿತು. ಹುಂಜದ ಬಣ್ಣಕ್ಕೂ ದಿನಕ್ಕೂ ಜಯಾಪಜಯವನ್ನು ಹೇಳುವ ಕುಕ್ಕುಟ ಪಂಚಾಂಗವೂ ಹುಟ್ಟಿತು. ಆಚಾರದ ಹೆಸರಿನಲ್ಲಿ ಅಪ್ಪಣೆಯನ್ನು ಪಡೆದು ಹಣವನ್ನು ಕಟ್ಟಿಸುವುದು ದೈವಕ್ಕೂ ಸಲ್ಲದು, ಹುಂಜಕ್ಕಂತೂ ಸಲ್ಲದು.

ಇನ್ನು ಕೂಟ. ಈ ಒಂದು ಮಾತಿನಲ್ಲಿ ಎರಡು ಭಾಷೆಗಳು ಮುಖಾಮುಖಿಯಾಗಿವೆ. ಕೂಡು ಎಂಬ ಕನ್ನಡದ ಧಾತುವಿನಿಂದಾದ ಕೂಟವು ಜನರ ಸೇರುವಿಕೆಯನ್ನು ಹೇಳುತ್ತದೆ. ಸಂಸ್ಕೃತದ ಕೂಟವು ಕಪಟವನ್ನು ಹೇಳುತ್ತದೆ. ಧರ್ಮಶಾಸ್ತ್ರ ಅರ್ಥಶಾಸ್ತ್ರಗಳಲ್ಲಿ ಸುಳ್ಳು ಸಾಕ್ಷಿಯು ಕೂಟಸಾಕ್ಷಿ, ಖೋಟಾ ಪತ್ರವು ಕೂಟಶಾಸನ, ಮೇಲೆ ಹೇಳಿದ ಎರಡು ಬಗೆಯ ಕಳಸೆಯು ಕೂಟಮಾನ. ನಮ್ಮ ಊರುಗಳಲ್ಲಿ ಮಳೆಗಾಲದ ರಾತ್ರಿ ಮನೆಯ ಚಾವಡಿಯಲ್ಲಿ ಅರ್ಥಧಾರಿಗಳು ಕುಳಿತರೆ ಅದು ತಾಳಮದ್ದಳೆಯ ಕೂಟ. ಆ ಮಾತನ್ನು ಉಚ್ಚರಿಸುವಾಗ ಯಾರಿಗೂ ಸಂಸ್ಕೃತದ ಕೂಟವು ನೆನಪಾಗದು. ಆದರೆ ಸರಕಾರಕ್ಕೆ ಒಮ್ಮೆ ನೆನಪಾಯಿತು.

1830ರ ಕೊನೆಯಿಂದ 1831ರ ಮೊದಲ ತಿಂಗಳುಗಳವರೆಗೆ ಕೆನರಾದ ದಕ್ಷಿಣ ಭಾಗದ ರೈತರು ಊರೂರುಗಳಲ್ಲಿ ಕೂಟ ಸೇರಿದರು. ಧಾನ್ಯದ ಬೆಲೆಯು ಕುಸಿದಿತ್ತು, ಕಂದಾಯವು ಮಾತ್ರ ನಾಣ್ಯದಲ್ಲಿ ಹಿಂದಿನಂತೆಯೇ ಸಲ್ಲಬೇಕಾಗಿತ್ತು. ಹಿಂದಿನಿಂದ ಬಂದ ಶಿಸ್ತೆಂಬ ಮೂಲ ಕಂದಾಯದ ಮೇಲೆ ಹೈದರ ಟಿಪ್ಪುಗಳ ಕಾಲದಲ್ಲಿ ಏರಿದ ಶಾಮಿಲೆಂಬ ಹೆಚ್ಚುವರಿ ತೆರಿಗೆಯ ಭಾರವನ್ನು ಕಂಪೆನಿಯ ಸರಕಾರವು ಪೂರ್ತಿಯಾಗಿ ಇಳಿಸಿರಲಿಲ್ಲ. ಜನರು ಆಯುಧವನ್ನು ಹಿಡಿಯಲಿಲ್ಲ; ದೇವಸ್ಥಾನಗಳ ಬಳಿಯಲ್ಲಿ ನೆರೆದು, ಅರ್ಜಿಗಳನ್ನು ಬರೆಯಿಸಿ, ಕಂದಾಯವನ್ನು ಕೊಡೆವೆಂದು ಕುಳಿತರು. ಮಂಗಳೂರಿನ ಸುತ್ತಮುತ್ತ ಈ ಕೂಟಗಳು ಹೆಚ್ಚು ಬಲವಾಗಿದ್ದುವು. ನಮ್ಮ ದೇಶದಲ್ಲಿ ಕರನಿರಾಕರಣೆಯೆಂಬ ಶಾಂತವಾದ ಪ್ರತಿಭಟನೆಯು ಗಾಂಧೀಜಿಯವರ ಕಾಲಕ್ಕಿಂತ ಒಂದು ಶತಮಾನ ಮೊದಲೇ ಈ ಮಣ್ಣಿನಲ್ಲಿ ನಡೆದುದನ್ನು ನೆನೆದರೆ ಹೃದಯವು ತುಂಬಿಬರುತ್ತದೆ. ಅಧಿಕಾರಿಗಳು ಆ ಮಾತನ್ನೇ ತಮ್ಮ ಲಿಪಿಯಲ್ಲಿ ಬರೆದುಕೊಂಡರು. ರೈತನ ಬಾಯಲ್ಲಿ ನೆರವಿಯಾಗಿದ್ದ ಕೂಟವು ಅವರ ಪತ್ರಗಳಲ್ಲಿ ಒಳಸಂಚಿನ ಹೆಸರಾಯಿತು. ವಿಷಯವನ್ನು ವಿಚಾರಿಸಿ 1833ರಲ್ಲಿ ವರದಿಯನ್ನು ಬರೆದ ಸ್ಟೋಕ್ಸ್ ಎಂಬ ಅಧಿಕಾರಿಯು ಕಚೇರಿಯೊಳಗಿನ ನೌಕರರ ಪರಸ್ಪರ ಅಸೂಯೆಯೂ ತಂತ್ರವೂ ಇದಕ್ಕೆ ಕಾರಣವೆಂದು ಕಂಡನು. ಅದರಲ್ಲಿ ಸತ್ಯಾಂಶವಿರಬಹುದು, ಕಪಟವಿದ್ದರೆ ಅದು ಕಚೇರಿಯೊಳಗಿನ ಕೂಟದಲ್ಲಿ. ಮಾರಿದ ಅಕ್ಕಿಯ ದುಡ್ಡಿನಿಂದ ಕಂದಾಯವನ್ನು ತೀರಿಸಲಾರದೆ ಬಯಲಿನಲ್ಲಿ ನೆರೆದವರ ಸಂಕಟವನ್ನು ಒಬ್ಬಿಬ್ಬರು ನೌಕರರ ತಂತ್ರವು ಸೃಷ್ಟಿಸಿತೆಂಬುದನ್ನು ನಾನು ಒಪ್ಪಲಾರೆ.

ಆರು ವರ್ಷಗಳ ಬಳಿಕ ಕೂಟವು ದಂಡಾಯಿತು. 1834ರಲ್ಲಿ ಕೊಡಗು ಕಂಪೆನಿಗೆ ಸೇರಿದಾಗ ಅದರ ಅಮರಸುಳ್ಯ ಪುತ್ತೂರು ಮಾಗಣೆಗಳನ್ನು ಕೆನರಾಕ್ಕೆ ಕೂಡಿಸಿ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದುದು ಜನರನ್ನು ಕೆರಳಿಸಿತು. ಕಲ್ಯಾಣಪ್ಪನೆಂದೂ ಕರೆಯಲ್ಪಟ್ಟ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ಪಾಣೆಮಂಗಳೂರುಗಳ ದಾರಿಯಾಗಿ ಬಂದು, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಹದಿಮೂರು ದಿನಗಳ ಕಾಲ ಪಟ್ಟಣವು ಅವರ ಕೈಯಲ್ಲಿದ್ದಿತು. ನೇತ್ರಾವತಿಯ ದಂಡೆಯ ನಂದಾವರದ ಬಂಗರಸನು ಅವರ ಜೊತೆಗೂಡಿ, ಅದಕ್ಕಾಗಿ ನೇಣಿಗೇರಿದನು. ಸೋತವರ ಮೇಲೆ ಗೆದ್ದವರು ಹೊರಿಸಿದ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು: ಕಲ್ಯಾಣಪ್ಪನ ಕಾಟಕಾಯಿ. ಕಾಟಕಾಯಿಯೆಂದರೆ ಲೂಟಿ, ದರೋಡೆ. ಕಂದಾಯವನ್ನು ಬಿಟ್ಟುಕೊಡುವೆವೆಂದು ಸಾರಿದವರು ದರೋಡೆಕೋರರಾದರು. ಶಾಮಿಲನ್ನು ಎಣಿಸಿಕೊಂಡವರು ಸರಕಾರವಾದರು. ಆ ಘಟನೆಯನ್ನು ತಲೆಮಾರುಗಳ ಕಾಲ ಮಕ್ಕಳು ಇದೇ ಹೆಸರಿನಿಂದ, ಹಿರಿಯರ ಮೊಗದಲ್ಲಿ ಸ್ವಲ್ಪ ಸಂಕೋಚವನ್ನೂ ಕಂಡು, ಕೇಳುತ್ತಾ ಬೆಳೆದರು.

ಕಾಣಿಕೆಯೂ ಮಾಮೂಲೂ ಒಳ್ಳೆಯ ಮನೆಯಲ್ಲಿ ಹುಟ್ಟಿ ಕೆಟ್ಟವು. ಕಾಟಕಾಯಿಯ ಪಯಣವು ಅದಕ್ಕೆ ವಿರುದ್ಧವಾದುದು. ಸ್ವಾತಂತ್ರ್ಯಾನಂತರ ಸಂಶೋಧಕರು ಹಳೆಯ ದಾಖಲೆಗಳನ್ನು ತೆರೆದು ಅದನ್ನು ಅಮರಸುಳ್ಯದ ಸ್ವಾತಂತ್ರ್ಯ ಸಂಗ್ರಾಮವೆಂದು ಬರೆದರು. ದಂಡು ಧ್ವಜವೇರಿಸಿದ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅದರ ನಾಯಕರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯು 2022ರಲ್ಲಿ ಅನಾವರಣಗೊಂಡಿತು. ಪಾಣೆಮಂಗಳೂರಿನ ಕಡೆಯ ವೃದ್ಧರು ಇಂದಿಗೂ ಕಾಟಕಾಯಿಯೆಂಬ ಮಾತನ್ನೇ ಬಳಸುತ್ತಾರೆ, ಆದರೆ ತಲೆತಗ್ಗಿಸದೆ ಬಳಸುತ್ತಾರೆ.